ಅದಿರಿನ ಘಾಟಿಯಲ್ಲಿ ಗುಜರಿ ಸೈಕಲ್

ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಿಂದೆ ಒಬ್ಬರು, ಮುಂದೆ ಒಬ್ಬರು. ಇಷ್ಟೆಲ್ಲ ಹೊತ್ತು ಓಡಾಡಿದ ಭಾರದ ಸೈಕಲ್ ನಮ್ಮ ಪ್ರತಿ ಊರಲ್ಲೂ ಒಂದಾದರೂ ಗೋಡೆಗೆ ಒರಗಿ ನಿಂತಿರುತ್ತದೆ. ಅಂಥವೇ ಹಳೇ ಸೈಕಲ್‌ಗಳನ್ನು ಬೆಟ್ಟ ಹತ್ತಿಸಿ ತನ್ನ ಹಣೆಬರಹ ಬದಲಿಸಿಕೊಂಡ ಊರೊಂದು ಅಮೆರಿಕದ ಕೊಲರಾಡೊ ರಾಜ್ಯದಲ್ಲಿದೆ. ಹೆಸರು ಕ್ರೆಸ್ಟೆಡ್ ಬ್ಯೂಟ್. ಗಣಿ ಮುಚ್ಚಿದ ಮೇಲೆ ಊರು ಹೇಗೆ ಬದುಕುತ್ತದೆ ಎಂದು ಕೇಳುವವರೆಲ್ಲ ಈ ಊರಿನ ಕಥೆ ತಿಳಿದಿರಬೇಕು ಅನ್ನಿಸಿ ಬರೆಯುತ್ತಿದ್ದೇವೆ.

ಮೊದಲು ಎತ್ತರದ ಲೆಕ್ಕ. ನಮ್ಮ ರಾಜ್ಯದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ, ಸುಮಾರು 6,330 ಅಡಿ. ಕ್ರೆಸ್ಟೆಡ್ ಬ್ಯೂಟ್ ಊರು ಇರುವುದೇ 8,885 ಅಡಿ ಎತ್ತರದಲ್ಲಿ. ಅದರ ಆಚೆಗಿನ ಪರ್ಲ್ ಪಾಸ್ ಎಂಬ ಘಾಟಿ ಸುಮಾರು 12,700 ಅಡಿ. ಅಂದರೆ ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟಷ್ಟು.

ಈ ನೆಲ ಮೊದಲು ಯೂಟ್ ಎಂಬ ಮೂಲನಿವಾಸಿಗಳದ್ದು. ಬೆಳ್ಳಿ, ಕಲ್ಲಿದ್ದಲು ಸಿಕ್ಕಿದ್ದೇ ತಡ, ಬಿಳಿಯರು ನುಗ್ಗಿದರು. 1880ರಲ್ಲಿ ಕ್ರೆಸ್ಟೆಡ್ ಬ್ಯೂಟ್ ಪಟ್ಟಣವಾಯಿತು. 1881ರಲ್ಲಿ ರೈಲು ಬಂತು. ಅದೇ ವರ್ಷ ಪಶ್ಚಿಮ ಕೊಲರಾಡೊದ ಹೆಚ್ಚಿನ ಯೂಟ್ ಜನರನ್ನು ಅಲ್ಲಿಂದ ಹೊರಗಟ್ಟಿದರು. ಬೆಟ್ಟದ ಆಚೆ ಬದಿಯ ಆಸ್ಪೆನ್ ಕಡೆಯ ಬೆಳ್ಳಿ ಅದಿರನ್ನು ಈ ರೈಲಿಗೆ ತಲುಪಿಸಲು 1882ರಲ್ಲಿ ಪರ್ಲ್ ಪಾಸ್ ಮೇಲೆ ಗಾಡಿ ರಸ್ತೆ ಮಾಡಿದರು. 1887ರಲ್ಲಿ ಆಸ್ಪೆನ್‌ಗೇ ರೈಲು ಬಂದಾಗ ಆ ರಸ್ತೆಗೆ ಕೆಲಸವಿಲ್ಲದಂತಾಯಿತು. ಐದು ವರ್ಷದ ಆಯಸ್ಸು, ಅಷ್ಟೇ. ಆದರೆ ಕಲ್ಲು ಕಡಿದು ಮಾಡಿದ ದಾರಿ ಅಲ್ಲೇ ಉಳಿಯಿತು.

ಊರನ್ನು ಸಾಕಿದ್ದು ಕಲ್ಲಿದ್ದಲು. ಕ್ರೊಯೇಷಿಯಾ, ಸ್ಲೊವೇನಿಯಾ, ಇಟಲಿ ಕಡೆಯಿಂದ ಕೂಲಿಕಾರರು ಬಂದು ನೆಲೆಸಿದರು. 1884ರ ಜನವರಿಯಲ್ಲಿ ಜೋಕರ್‌ವಿಲ್ ಗಣಿ ಸ್ಫೋಟಿಸಿ ಸುಮಾರು 60 ಮಂದಿ ಸತ್ತರು. ಅವರಲ್ಲಿ ಹುಡುಗರೂ ಇದ್ದರು. ಅಷ್ಟಾದರೂ ಗಣಿ ಕೆಲಸ ನಿಲ್ಲಲಿಲ್ಲ, ಹೊಟ್ಟೆಪಾಡಿಗೆ ಬೇರೆ ದಾರಿ ಇರಲಿಲ್ಲ. ಕೊನೆಗೆ 1952ರಲ್ಲಿ ಊರಿನ ದೊಡ್ಡ ಗಣಿಯನ್ನು ಕಂಪನಿ ಮುಚ್ಚಿತು. ಮುಂದೆ ರೈಲು ಹಳಿಯನ್ನೂ ಕಿತ್ತರು. ಬಹಳ ಮಂದಿ ಗಂಟುಮೂಟೆ ಕಟ್ಟಿದರು. 1960ರ ದಶಕದಲ್ಲಿ ಹಿಮದ ಮೇಲೆ ಜಾರುವ ಸ್ಕೀ ಆಟದ ಕೇಂದ್ರ ಶುರುವಾಗಿ ಚಳಿಗಾಲಕ್ಕೆ ಒಂದಿಷ್ಟು ಕೆಲಸ ಬಂತು. ಉಳಿದ ತಿಂಗಳು ಬೀದಿ ಖಾಲಿ.

ಮಣ್ಣಿನ ಬೀದಿಯಲ್ಲಿ ಓಡಾಡಲು ಆಗ ಅಲ್ಲಿನ ಹುಡುಗರು ಬಳಸುತ್ತಿದ್ದದ್ದು ಹಳೇ ದಪ್ಪ ಟೈರಿನ ಗುಜರಿ ಸೈಕಲ್. ಗೇರ್ ಇಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕ್. 1976ರಲ್ಲಿ ಆಸ್ಪೆನ್‌ನ ಕೆಲವರು ಮೋಟಾರ್‌ಸೈಕಲ್‌ನಲ್ಲಿ ಪರ್ಲ್ ಪಾಸ್ ದಾಟಿ ಬಂದು, ಇಲ್ಲಿನ ಬಾರಿನ ಮುಂದೆ ಗಾಡಿ ನಿಲ್ಲಿಸಿ ಜಂಬ ಕೊಚ್ಚಿದರಂತೆ. ‘ನಾವು ಸೈಕಲ್‌ನಲ್ಲೇ ನಿಮ್ಮೂರಿಗೆ ಬರ್ತೀವಿ’ ಎಂದು ಇವರು ಹಟಕ್ಕೆ ಬಿದ್ದರು ಎನ್ನುವುದು ಊರವರು ಹೇಳುವ ಕಥೆ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸುಮಾರು 15 ಜನ ಹೊರಟೇ ಬಿಟ್ಟರು. ಅವರಲ್ಲಿ ಕಾಡ್ಗಿಚ್ಚು ಆರಿಸುವ ಕೆಲಸದ ಹುಡುಗರೂ ಇದ್ದರು. ಏರಿನಲ್ಲಿ ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ರಾತ್ರಿ ಬೆಟ್ಟದಲ್ಲಿ ಮಲಗಿ ಮರುದಿನ ಆಸ್ಪೆನ್ ಮುಟ್ಟಿದರು.

ಸೆಪ್ಟೆಂಬರ್ ಹಿಡಿದದ್ದಕ್ಕೂ ಅರ್ಥವಿದೆ. ಘಾಟಿಯ ಹಿಮ ಕರಗುವುದೇ ಜುಲೈ ಹೊತ್ತಿಗೆ. ಜುಲೈ–ಆಗಸ್ಟ್‌ನಲ್ಲಿ ಅಲ್ಲೂ ಒಂದು ಮಳೆಗಾಲವಿದೆ, ಅದನ್ನು ಮಾನ್ಸೂನ್ ಎಂದೇ ಕರೆಯುತ್ತಾರೆ. ಮಧ್ಯಾಹ್ನವಾದರೆ ಗುಡುಗು ಸಿಡಿಲು, ಬೋಳು ಬೆಟ್ಟದ ಮೇಲೆ ಜೀವಕ್ಕೆ ಅಪಾಯ. ನಮ್ಮಲ್ಲಿ ನವರಾತ್ರಿ ಹತ್ತಿರ ಬರುವ ಹೊತ್ತಿಗೆ ಅಲ್ಲಿ ಆಕಾಶ ತಿಳಿಯಾಗಿ, ಆಸ್ಪೆನ್ ಮರಗಳ ಎಲೆ ಹಣ್ಣಾಗಿ ಇಡೀ ಗುಡ್ಡ ಅರಿಸಿನ ಬಣ್ಣಕ್ಕೆ ತಿರುಗುತ್ತದೆ. ಎಲೆಯ ಹಸಿರು ಅಳಿದಾಗ ಒಳಗೆ ಮೊದಲೇ ಇದ್ದ ಹಳದಿ ಕಾಣಿಸಿಕೊಳ್ಳುತ್ತದೆ. ಕೆಲವೇ ವಾರಗಳ ಈ ಸೊಗಸು ಮುಗಿದರೆ ಮತ್ತೆ ಹಿಮ.

1978ರಲ್ಲಿ ಎರಡನೇ ಸವಾರಿಗೆ ಕ್ಯಾಲಿಫೋರ್ನಿಯಾದಿಂದ ಐವರು ಬಂದರು: ಜೋ ಬ್ರೀಜ್, ಗ್ಯಾರಿ ಫಿಶರ್, ಚಾರ್ಲಿ ಕೆಲ್ಲಿ, ಮೈಕಲ್ ಕ್ಯಾಸ್ಟೆಲಿ ಮತ್ತು ವೆಂಡಿ ಕ್ರಾಗ್ ಎಂಬ ಮಹಿಳೆ. ಅವರೂ ತಮ್ಮೂರ ಗುಡ್ಡಗಳಲ್ಲಿ ಹಳೇ ಸೈಕಲ್ ಇಳಿಸಿ ಪಳಗಿದವರು. ಆದರೆ ಅವರ ಸೈಕಲ್‌ಗೆ ಗೇರ್ ಇತ್ತು, ಗಟ್ಟಿ ಬ್ರೇಕ್ ಇತ್ತು. ಜೋ ಬ್ರೀಜ್ ಬೆಟ್ಟಕ್ಕೆಂದೇ ಹೊಸ ಫ್ರೇಮ್ ಕಟ್ಟಿದ್ದರು. 1979ರಲ್ಲಿ ಫಿಶರ್ ಮತ್ತು ಕೆಲ್ಲಿ ‘ಮೌಂಟನ್‌ಬೈಕ್ಸ್’ ಎಂದು ಅಂಗಡಿ ತೆರೆದರು. 1981ರ ಹೊತ್ತಿಗೆ ಕಾರ್ಖಾನೆಯಲ್ಲಿ ಸಾಲುಸಾಲಾಗಿ ಇಂಥ ಸೈಕಲ್ ತಯಾರಾದವು. 1996ರ ಅಟ್ಲಾಂಟ ಒಲಿಂಪಿಕ್ಸ್‌ನಲ್ಲಿ ಇದು ಪದಕದ ಆಟ. ಇಂದು ನಮ್ಮ ಪೇಟೆಯ ಅಂಗಡಿಯಲ್ಲಿ ಮಕ್ಕಳು ಆಸೆಪಡುವ ದಪ್ಪ ಟೈರಿನ ಗೇರ್ ಸೈಕಲ್ ಇದೇ ವಂಶದ್ದು.

ಇತ್ತ ಕ್ರೆಸ್ಟೆಡ್ ಬ್ಯೂಟ್‌ಗೆ ಇನ್ನೊಂದು ಪರೀಕ್ಷೆ ಬಂದಿತ್ತು. 1977ರಲ್ಲಿ ಆಮ್ಯಾಕ್ಸ್ ಎಂಬ ಕಂಪನಿ ಊರಿನ ನೆತ್ತಿಯ ಮೇಲಿರುವ ಮೌಂಟ್ ಎಮನ್ಸ್‌ನಲ್ಲಿ ಮಾಲಿಬ್ಡಿನಮ್ ಲೋಹ ಸಿಕ್ಕಿದೆ, ಗಣಿ ಮಾಡುತ್ತೇವೆ ಎಂದಿತು. ಕೆಲಸ ಸಿಗುತ್ತದೆ ಎಂಬ ಆಸೆ ಒಂದು ಕಡೆ, ನೀರು ಮತ್ತು ಬೆಟ್ಟ ಹೋಗುತ್ತದೆ ಎಂಬ ಭಯ ಇನ್ನೊಂದು ಕಡೆ. ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದ ಮೇಯರ್ ಡಬ್ಲ್ಯು. ಮಿಚೆಲ್ ಮುಂದೆ ನಿಂತು ವಿರೋಧಿಸಿದರು. ಜನರ ಹೋರಾಟಕ್ಕೆ ಲೋಹದ ಬೆಲೆ ಕುಸಿತವೂ ಜೊತೆಯಾಯಿತು. 1981ರಲ್ಲಿ ಕಂಪನಿ ಹಿಂದೆ ಸರಿಯಿತು. ಬೇರೆ ಕಂಪನಿಗಳು ಮತ್ತೆ ಮತ್ತೆ ಬಂದವು. ಕೊನೆಗೆ 2024ರಲ್ಲಿ ಜಮೀನು ಅದಲುಬದಲಿನ ಒಪ್ಪಂದವಾಗಿ ಆ ಬೆಟ್ಟದ ಗಣಿ ಕಥೆ ಮುಗಿಯಿತು.

ಇಂದು ಆಸ್ಪೆನ್ ಕಡೆಗೆ ಬೆಟ್ಟದ ದಾರಿಗಳಿವೆ. ನಡೆಯುವವರು ವೆಸ್ಟ್ ಮರೂನ್ ಪಾಸ್ ಮೂಲಕ ಸುಮಾರು 17 ಕಿ.ಮೀ. ಹೋಗುತ್ತಾರೆ. ಅದು ಕಾಯ್ದಿಟ್ಟ ವನ್ಯಪ್ರದೇಶವಾದ್ದರಿಂದ ಸೈಕಲ್ ನಿಷಿದ್ಧ. ಸೈಕಲ್‌ನವರಿಗೆ ಹಳೇ ಪರ್ಲ್ ಪಾಸ್. ಕಾಲುದಾರಿಗಳನ್ನು ಊರಿನ ಸೈಕಲ್ ಸಂಘದವರು 1983ರಿಂದ ಶ್ರಮದಾನ ಮಾಡಿ ರಿಪೇರಿ ಮಾಡುತ್ತಾರೆ. ಮಳೆಯ ನೀರು ದಾರಿ ಕೊರೆಯದಂತೆ ಪಕ್ಕಕ್ಕೆ ಹರಿಸುವುದೇ ಅದರಲ್ಲಿ ದೊಡ್ಡ ಕೆಲಸ. ತೋಟಕ್ಕೆ ಬಸಿಗಾಲುವೆ ತೆಗೆದವರಿಗೆ ಇದನ್ನು ವಿವರಿಸಬೇಕಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಸಿಹಿಯಾಗಿಯೇ ಮುಗಿಯುತ್ತದೆ. ಆದರೆ ಬೆಟ್ಟ ನೋಡಲು ಬಂದ ದುಡ್ಡುಳ್ಳವರು ಮನೆಗಳನ್ನೂ ಕೊಂಡರು. ಬಾಡಿಗೆ ಕೈಗೆಟುಕದಂತಾಯಿತು. 2021ರಲ್ಲಿ ಪಟ್ಟಣ ಪಂಚಾಯಿತಿಯೇ ವಸತಿ ತುರ್ತುಸ್ಥಿತಿ ಘೋಷಿಸಬೇಕಾಯಿತು. ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ಸೈಕಲ್ ರಿಪೇರಿ ಮಾಡುವವರಲ್ಲಿ ಅನೇಕರು 45 ಕಿ.ಮೀ. ದೂರದ ಗನ್ನಿಸನ್‌ನಿಂದ ಬಂದು ಹೋಗುತ್ತಾರೆ. ಗಣಿ ಹೋದಾಗ ಕೆಲಸ ಹೋಗಿತ್ತು, ಪ್ರವಾಸಿಗರು ಬಂದ ಮೇಲೆ ಕೆಲಸ ಉಳಿದು ಮನೆ ಹೋಯಿತು.

ಬೆಟ್ಟದ ಊರಿಗೆ ಪ್ರವಾಸಿಗರನ್ನು ತರುತ್ತೇವೆ ಎಂದು ಯಾರಾದರೂ ಗ್ರಾಮಸಭೆಗೆ ಬಂದರೆ ನಾವು ಕೇಳಬೇಕಾದ ಪ್ರಶ್ನೆಗಳು ಇದರಲ್ಲಿವೆ. ಎಷ್ಟು ಜನ ಬರುತ್ತಾರೆ ಎಂದು ಅವರೇ ಹೇಳುತ್ತಾರೆ. ದಾರಿ ಕೊರೆದುಹೋದರೆ ಯಾರು ಕಟ್ಟುತ್ತಾರೆ, ಚಹಾ ಕಾಯಿಸುವವರ ಮಕ್ಕಳಿಗೆ ಅದೇ ಊರಲ್ಲಿ ಮನೆ ಸಿಗುತ್ತದೆಯೇ ಎಂದು ನಾವೇ ಕೇಳಬೇಕು.