ಒಳಗಿನ ಒಕ್ಕಲು

ಕನ್ನಡದಲ್ಲಿ 'ರೋಗಾಣು' ಎಂಬ ಮಾತು ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಕಣ್ಣಿಗೆ ಕಾಣದ ಜೀವಿಗಳಿಗೆಲ್ಲ ಅದೇ ಹೆಸರಾಗಿಬಿಟ್ಟಿದೆ. ಹೆಸರಿನಲ್ಲಿಯೇ ಆಪಾದನೆಯಿದೆ, ವಿಚಾರಣೆಗೆ ಮೊದಲೇ ತೀರ್ಪು ಹೊರಬಿದ್ದಿದೆ. 'ಸೂಕ್ಷ್ಮಜೀವಿ' ಎಂಬ ನಿರ್ದೋಷವಾದ ಪದವೂ ನಮ್ಮಲ್ಲಿ ಉಂಟು. ಆದರೆ ಅದು ಪಠ್ಯಪುಸ್ತಕದ ಹೊಸ್ತಿಲನ್ನು ದಾಟಿ ಮನೆಮಾತಿಗೆ ಬಂದದ್ದು ಕಡಮೆ. ವೈದ್ಯಶಾಸ್ತ್ರ ನನ್ನ ವಿಷಯವಲ್ಲ. ಪದಗಳ ಅರ್ಥ ಹೇಳುವುದರಲ್ಲಿಯೇ ಬದುಕಿನ ಬಹುಭಾಗವನ್ನು ಕಳೆದವನು ನಾನು. ಮನುಷ್ಯನ ಅನ್ನನಾಳ, ಜಠರ, ಕರುಳುಗಳಲ್ಲಿ ನೆಲಸಿರುವ ಜೀವಿಗಳ ಅಧ್ಯಯನದ ಇತಿಹಾಸ ನನ್ನನ್ನು ಸೆಳೆದದ್ದು ಈ ಹಾದಿಯಿಂದಲೇ. ಆ ಇತಿಹಾಸವೆಂದರೆ ಒಂದು ಪ್ರಶ್ನೆ ಬದಲಾದ ಕಥೆ. 'ಇವರಲ್ಲಿ ಅಪರಾಧಿ ಯಾರು?' ಎಂದು ಕೇಳುತ್ತಿದ್ದವರು, 'ಇಲ್ಲಿ ಒಕ್ಕಲಿರುವವರು ಯಾರು? ಏನು ಮಾಡಿಕೊಂಡಿದ್ದಾರೆ?' ಎಂದು ಕೇಳಲು ಕಲಿತರು. ಕಲಿಯಲು ನೂರು ವರ್ಷವೇ ಹಿಡಿಯಿತು.

ಇವುಗಳನ್ನು ಮೊದಲು ನೋಡಿದವನಿಗೆ ಎರಡು ಪ್ರಶ್ನೆಗಳಲ್ಲಿ ಯಾವುದರ ಭಾರವೂ ಇರಲಿಲ್ಲ; ಇದ್ದದ್ದು ಕುತೂಹಲವೊಂದೇ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಆಂಟನಿ ವಾನ್ ಲೇವನ್‌ಹುಕ್, ತಾನೇ ತಯಾರಿಸಿದ ಪುಟ್ಟ ಮಸೂರದ ಮೂಲಕ 1681ರಲ್ಲಿ ತನ್ನ ಮಲವನ್ನು ಪರೀಕ್ಷಿಸಿ, ಅದರಲ್ಲಿ ಓಡಾಡುವ ಜೀವಿಗಳನ್ನು ಕಂಡ. 1683ರಲ್ಲಿ ಹಲ್ಲುಗಳ ಸಂದಿನ ಬೆಳ್ಳನೆಯ ಪಾಚಿಯನ್ನು ತೆಗೆದು ನೋಡಿದ. ಕಂಡದ್ದನ್ನೆಲ್ಲ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರಮುಖೇನ ತಿಳಿಸಿದ. ತನ್ನೊಬ್ಬನ ಬಾಯಲ್ಲಿರುವ ಜೀವಿಗಳ ಸಂಖ್ಯೆ ತನ್ನ ದೇಶದ ಜನಸಂಖ್ಯೆಯನ್ನೇ ಮೀರಿಸುತ್ತದೆಂದು ಬರೆದ. ಆತ ಹೆದರಲಿಲ್ಲ, ಹೇಸಲಿಲ್ಲ. ಆದರೆ ಅಂಥ ಮಸೂರ ಮಾಡುವ ಗುಟ್ಟು ಆತನೊಂದಿಗೇ ಮರೆಯಾಯಿತು. ಈ ಒಕ್ಕಲಿನ ಸಂಗತಿಯೂ ಬಹುಕಾಲ ಮರೆವಿಗೆ ಸಂದಿತು.

ಮತ್ತೆ ನೋಡುವ ಕಾಲ ಬಂದಾಗ ನೋಡುವವರ ಮನಸ್ಸು ಬೇರೆಯಾಗಿತ್ತು. 1882ರಲ್ಲಿ ರಾಬರ್ಟ್ ಕಾಕ್ ಕ್ಷಯದ ಬ್ಯಾಕ್ಟೀರಿಯವನ್ನೂ ಮುಂದಿನ ಎರಡು ವರ್ಷಗಳಲ್ಲಿ ಕಾಲರಾದ ಬ್ಯಾಕ್ಟೀರಿಯವನ್ನೂ ಗುರುತಿಸಿದ ಮೇಲೆ, ಸೂಕ್ಷ್ಮದರ್ಶಕ ಪತ್ತೇದಾರನ ಕೈಯ ಸಾಧನವಾಯಿತು. ಒಂದೊಂದು ರೋಗಕ್ಕೆ ಒಬ್ಬೊಬ್ಬ ಅಪರಾಧಿ! ಆ ದಿನಗಳಲ್ಲಿ ಯುರೋಪಿನ ನಗರಗಳಲ್ಲಿ ಬೇಸಗೆ ಬಂತೆಂದರೆ ಹಸುಗೂಸುಗಳು ಭೇದಿಯಿಂದ ಗುಂಪುಗುಂಪಾಗಿ ಸಾಯುತ್ತಿದ್ದವು. ಆ ಸಾವಿನ ಕಾರಣವನ್ನು ಹುಡುಕಿ ಹೊರಟವನು ಮ್ಯೂನಿಕ್ಕಿನ ತರುಣ ವೈದ್ಯ ಥಿಯೊಡೊರ್ ಎಶೆರಿಕ್.

ಎಶೆರಿಕನ ಹಿರಿಮೆಯಿರುವುದು ಆತ ಆರಂಭಿಸಿದ ಸ್ಥಳದಲ್ಲಿ. ಊರಿಗೆ ಹೊರಗಿನಿಂದ ಬಂದ ಕಳ್ಳನನ್ನು ಗುರುತಿಸಬೇಕಾದರೆ ಊರವರ ಮುಖಪರಿಚಯ ಮೊದಲಿರಬೇಕಷ್ಟೆ? ಬಾನುಲಿಯಲ್ಲಿ ಈ ಮಾತನ್ನೆತ್ತಲು ಸಂಕೋಚವಾದರೂ ಹೇಳದೆ ವಿಧಿಯಿಲ್ಲ: ಆತ ಆರೋಗ್ಯವಾಗಿದ್ದ ಕೂಸುಗಳ ಮಲವನ್ನು ದಿನದಿನವೂ ಪರೀಕ್ಷಿಸುತ್ತ ಕುಳಿತ. ಆಗತಾನೆ ಹುಟ್ಟಿದ ಮಗುವಿನ ಮೊದಲ ಕಪ್ಪು ಮಲದಲ್ಲಿ ಬ್ಯಾಕ್ಟೀರಿಯಗಳು ಕಾಣಲಿಲ್ಲ. ಒಂದು ದಿನ ಕಳೆಯುವುದರೊಳಗಾಗಿ ಅವು ಬಂದು ನೆಲಸಿದ್ದವು. ಎದೆಹಾಲು ಹೊಟ್ಟೆಗಿಳಿದ ಮೇಲೆ ಒಕ್ಕಲಿನ ಸ್ವರೂಪವೇ ಬದಲಾಗುತ್ತಿತ್ತು. 1885ರ ಜುಲೈ 14ರಂದು ಮ್ಯೂನಿಕ್ಕಿನ ವಿದ್ವತ್ಸಭೆಯೊಂದರಲ್ಲಿ ಆತ ಇದನ್ನೆಲ್ಲ ನಿವೇದಿಸಿದ. ಎಲ್ಲ ಕೂಸುಗಳಲ್ಲಿಯೂ ಕಾಣುತ್ತಿದ್ದ ಒಂದು ಜೀವಿಗೆ 'ದೊಡ್ಡ ಕರುಳಿನ ಸಾಮಾನ್ಯ ಬ್ಯಾಕ್ಟೀರಿಯ' ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟ. ಆತ 1911ರಲ್ಲಿ ತೀರಿಕೊಂಡ ಮೇಲೆ, 1919ರಲ್ಲಿ, ಅದಕ್ಕೆ ಆತನದೇ ಹೆಸರು ಬಂದು ಅದು 'ಎಶೆರಿಕಿಯ ಕೋಲಿ' ಎನಿಸಿತು. ಇತಿಹಾಸದ ವಿನೋದವನ್ನು ನೋಡಿ: ನಿರಪರಾಧಿಯೆಂದು ಆತ ದಾಖಲೆ ಮಾಡಿದ ಈ ಜಾತಿಯಲ್ಲಿಯೇ ಕೆಲವು ತಳಿಗಳು ಶಿಶುಗಳ ಭೇದಿಗೆ ಕಾರಣವೆಂಬುದನ್ನು 1945ರಲ್ಲಿ ಇಂಗ್ಲೆಂಡಿನ ಜಾನ್ ಬ್ರೇ ತೋರಿಸಿದ. ಒಂದೇ ಹೆಸರಿನ ಮನೆತನದಲ್ಲಿ ಸಾಧುವೂ ಉಂಟು, ಕೊಲೆಗಡುಕನೂ ಉಂಟು.

ಎಶೆರಿಕನ ತಾಳ್ಮೆ ಎಲ್ಲರಿಗೂ ಇರಲಿಲ್ಲ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಈಲ್ಯ ಮೆಚ್ನಿಕಾಫ್ ಅಸಾಮಾನ್ಯ ಪ್ರತಿಭಾವಂತ. ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ನುಂಗುವ ಬಗೆಯನ್ನು ತೋರಿಸಿ 1908ರ ನೊಬೆಲ್ ಪುರಸ್ಕಾರವನ್ನು ಹಂಚಿಕೊಂಡವನು. ಮುಪ್ಪಿಗೆ ಕಾರಣ ದೊಡ್ಡ ಕರುಳಿನ ಕೊಳೆತವೆಂದೂ, ಆ ಅಂಗವೇ ಮನುಷ್ಯನಿಗೆ ಬೇಡವಾದ ಹೊರೆಯೆಂದೂ ಆತ ನಂಬಿದ. ಹುಳಿಹಾಲು ಸೇವಿಸುವ ಬಲ್ಗೇರಿಯದ ರೈತರು ದೀರ್ಘಾಯುಗಳೆಂಬ ಸುದ್ದಿಯನ್ನು ಆಧಾರವಾಗಿಟ್ಟುಕೊಂಡು ಹುಳಿಹಾಲಿನ ಬ್ಯಾಕ್ಟೀರಿಯವನ್ನು ಔಷಧವೆಂದು ಸಾರಿದ. ಮಜ್ಜಿಗೆಯನ್ನವಿಲ್ಲದೆ ಊಟ ಮುಗಿಯದ ನಮ್ಮ ನಾಡಿನವರಿಗೆ ಇದು ಹಿತವಾದ ಸುದ್ದಿಯೇ. ಆದರೆ ಆ ಬಲ್ಗೇರಿಯದ ಬ್ಯಾಕ್ಟೀರಿಯ ಮನುಷ್ಯನ ಕರುಳಿನಲ್ಲಿ ನೆಲೆಯೂರುವುದೇ ಇಲ್ಲವೆಂದು 1920ರ ದಶಕದ ಆರಂಭದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ತೋರಿಸಿದರು. ಮೊಸರು ಒಳ್ಳೆಯ ಆಹಾರವೆಂಬುದು ಬೇರೆ, ಅದು ಮುಪ್ಪನ್ನು ತಡೆಯುತ್ತದೆಂಬುದು ಬೇರೆ. ಮೆಚ್ನಿಕಾಫ್ ತಾನೇ ನಿತ್ಯ ಹುಳಿಹಾಲು ಕುಡಿಯುತ್ತ 1916ರಲ್ಲಿ, 71ನೆಯ ವಯಸ್ಸಿನಲ್ಲಿ, ನಿಧನನಾದ. ಇದಿಷ್ಟೇ ಆಗಿದ್ದರೆ ನಕ್ಕು ಬಿಡಬಹುದಾಗಿತ್ತು. ಕರುಳೇ ದೇಹಕ್ಕೆ ವಿಷವೂಡುತ್ತದೆಂಬ ಅಂದಿನ ನಂಬಿಕೆಯ ಬಲದಿಂದ ಲಂಡನ್ನಿನ ಶಸ್ತ್ರವೈದ್ಯ ಸರ್ ವಿಲಿಯಂ ಆರ್ಬತ್ನಾಟ್ ಲೇನ್ ಮಲಬದ್ಧತೆಯ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯುತ್ತಿದ್ದ. ವಿಚಾರಣೆಯಿಲ್ಲದ ತೀರ್ಪಿಗೆ ರೋಗಿಗಳು ತೆತ್ತ ಬೆಲೆ ಅದು.

ವಿಚಾರಣೆ ನಿಧಾನವಾದದ್ದಕ್ಕೆ ಇನ್ನೊಂದು ಕಾರಣವಿತ್ತು. ದೊಡ್ಡ ಕರುಳಿನಲ್ಲಿ ಗಾಳಿಯಿಲ್ಲ. ಅಲ್ಲಿಯ ಒಕ್ಕಲಿನಲ್ಲಿ ಬಹುಪಾಲು, ಆಮ್ಲಜನಕ ಸೋಕಿದರೆ ಸಾಯುವಂಥವು. ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಯುತ್ತಿದ್ದವು ಗಾಳಿಯನ್ನು ತಾಳಬಲ್ಲ ಕೆಲವೇ. ಉಳಿದವು ಹೊರಗೆ ಬಂದೊಡನೆ ಸಾಯುತ್ತಿದ್ದವು. ಈ ಗಂಟನ್ನು ಬಿಡಿಸಿದ್ದು ಹಸುವಿನ ಹೊಟ್ಟೆ. ಹುಲ್ಲು ಅರಗಿಸುವ ಜೀವಿಗಳನ್ನು ಅರಸುತ್ತಿದ್ದ ಅಮೆರಿಕದ ರಾಬರ್ಟ್ ಹಂಗೇಟ್, 1940ರ ದಶಕದಲ್ಲಿ, ಗಾಳಿಯನ್ನು ಹೊರದೂಡಿದ ಮುಚ್ಚುನಳಿಕೆಗಳಲ್ಲಿ ಅವುಗಳನ್ನು ಬೆಳೆಸುವ ಉಪಾಯವನ್ನು ರೂಪಿಸಿದ. ಅದೇ ಉಪಾಯ ಮುಂದೆ ಮನುಷ್ಯನ ಕರುಳಿನ ಅಧ್ಯಯನಕ್ಕೂ ಒದಗಿತು. ಆಗ ತಿಳಿದದ್ದು: 'ಸಾಮಾನ್ಯ'ವೆಂದು ಹೆಸರು ಪಡೆದ ಎಶೆರಿಕನ ಬ್ಯಾಕ್ಟೀರಿಯ, ಬೆಳೆದವರ ಕರುಳಿನಲ್ಲಿ ಸಾಧಾರಣವಾಗಿ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ.

ಇನ್ನು ಜಠರ. ಅಲ್ಲಿಯ ಆಮ್ಲದಲ್ಲಿ ಯಾವ ಜೀವಿಯೂ ನೆಲಸಲಾರದೆಂಬುದು ವೈದ್ಯರ ದೃಢವಾದ ನಂಬಿಕೆಯಾಗಿತ್ತು. ಆಸ್ಟ್ರೇಲಿಯದ ಪರ್ತ್ ನಗರದಲ್ಲಿ 1979ರಲ್ಲಿ ರಾಬಿನ್ ವಾರೆನ್ ಅಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯವೊಂದನ್ನು ಕಂಡರು. ಅವರೂ ಬ್ಯಾರಿ ಮಾರ್ಷಲರೂ ಕೂಡಿ ಅದನ್ನು ಬೆಳೆಸಲು ಮಾಡಿದ ಯತ್ನಗಳು ಫಲಿಸಲಿಲ್ಲ. 1982ರ ಈಸ್ಟರ್ ರಜೆಯ ಕಾರಣದಿಂದ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಉಳಿದಾಗ ಅದು ಬೆಳೆದಿತ್ತು! 1984ರಲ್ಲಿ ಮಾರ್ಷಲ್ ಅದನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ಗುರಿಯಾದರು. ಹೊಟ್ಟೆಹುಣ್ಣಿಗೆ ಮುಖ್ಯ ಕಾರಣ ಈ ಜೀವಿಯೆಂಬುದು ಸ್ಥಿರಪಟ್ಟು, 2005ರಲ್ಲಿ ಇಬ್ಬರಿಗೂ ನೊಬೆಲ್ ಪುರಸ್ಕಾರ ಸಂದಿತು. ಇಲ್ಲಿ ಅಪರಾಧಿ ಸಿಕ್ಕಿದ್ದು ನಿಜ. ಆದರೂ ಕೋಟ್ಯಂತರ ಜನರ ಜಠರದಲ್ಲಿ ಅದು ನೆಲಸಿದೆ. ಅವರಲ್ಲಿ ಹೆಚ್ಚಿನವರಿಗೆ ಹುಣ್ಣಾಗುವುದೇ ಇಲ್ಲ.

ಬೆಳೆಸಲಾಗದ ಜೀವಿಗಳನ್ನೂ ಅವುಗಳ ಆನುವಂಶಿಕ ಅಕ್ಷರಗಳಿಂದ ಗುರುತಿಸುವ ವಿದ್ಯೆ ಈಚೆಗೆ ಕೈಗೂಡಿದೆ. 2016ರ ಲೆಕ್ಕಾಚಾರವೊಂದರಂತೆ ಒಬ್ಬ ಮನುಷ್ಯನ ದೇಹದ ಜೀವಕೋಶಗಳು ಸುಮಾರು 30 ಲಕ್ಷ ಕೋಟಿಯಾದರೆ, ಅವನಲ್ಲಿರುವ ಬ್ಯಾಕ್ಟೀರಿಯಗಳು ಸುಮಾರು 38 ಲಕ್ಷ ಕೋಟಿ. ಬಹುಪಾಲು ದೊಡ್ಡ ಕರುಳಿನಲ್ಲಿವೆ. ಎಲ್ಲ ಸೇರಿದರೂ ತೂಕ 200 ಗ್ರಾಂ ಮಾತ್ರ.

ಎಣಿಕೆಗಿಂತ ನನ್ನ ಮನಸ್ಸನ್ನು ತಟ್ಟಿದ್ದು ಢಾಕಾದಿಂದ ಬಂದ ಸಂಗತಿ. ಅಲ್ಲಿಯ ಮೀರ್‌ಪುರದ ಕೊಳೆಗೇರಿಯಲ್ಲಿ ತಹ್ಮೀದ್ ಅಹಮದರೂ ಅಮೆರಿಕದ ಜೆಫ್ರಿ ಗಾರ್ಡನ್ನರೂ ಅವರ ಸಂಗಡಿಗರೂ ಎಶೆರಿಕನ ಹಾದಿಯನ್ನೇ ಹಿಡಿದರು. ಮೊದಲು ಆರೋಗ್ಯವಂತ ಮಕ್ಕಳ ಕರುಳಿನ ಒಕ್ಕಲು ತಿಂಗಳು ತಿಂಗಳಿಗೂ ಹೇಗೆ ಬಲಿಯುತ್ತದೆಂದು ಗುರುತಿಸಿಕೊಂಡರು. ಅನಂತರ ಅಪೌಷ್ಟಿಕತೆಯಿಂದ ಬಳಲುವ ಮಕ್ಕಳನ್ನು ನೋಡಿದರು. ಈ ಮಕ್ಕಳ ಒಕ್ಕಲು ಅವರ ವಯಸ್ಸಿಗಿಂತ ಎಳೆಯದಾಗಿಯೇ ಉಳಿದಿತ್ತು. ಹೊಟ್ಟೆ ತುಂಬ ಉಣಿಸಿದರೂ ಪೂರ್ತಿ ಸರಿಹೋಗುತ್ತಿರಲಿಲ್ಲ. 2014ರಲ್ಲಿ ಇದು ಪ್ರಕಟವಾಯಿತು. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಡಲೆಹಿಟ್ಟು, ಸೋಯಾ, ನೆಲಗಡಲೆ, ಬಾಳೆಕಾಯಿಗಳನ್ನು ಸೇರಿಸಿದ ಆಹಾರವನ್ನು ಮಕ್ಕಳಿಗೆ ಮೂರು ತಿಂಗಳು ಕೊಟ್ಟರು. ಅದಕ್ಕಿಂತ ಹೆಚ್ಚು ಶಕ್ತಿಯುಳ್ಳ ರೂಢಿಯ ಆಹಾರವನ್ನು ಉಂಡ ಮಕ್ಕಳಿಗಿಂತ ಇವರ ಬೆಳವಣಿಗೆ ಉತ್ತಮವಾಯಿತು. ಉಣಿಸಿದ್ದು ಮಗುವಿಗೆ ಮಾತ್ರವಲ್ಲ, ಮಗುವಿನೊಳಗಿನ ಒಕ್ಕಲಿಗೂ.

ಹಾಗೆಂದು 'ರೋಗಾಣು' ಎಂಬ ಮಾತನ್ನು ನಿಘಂಟಿನಿಂದ ತೆಗೆಯಬೇಕಾಗಿಲ್ಲ. ಕಾಲರಾ ಇರುವವರೆಗೆ ಅದಕ್ಕೆ ಕೆಲಸವುಂಟು. ಆದರೆ ಸಣ್ಣ ನೆಗಡಿಗೂ ಪ್ರತಿಜೀವಕದ ಗುಳಿಗೆಯನ್ನು ನುಂಗುವಾಗ, ನೆಗಡಿಯ ವೈರಸ್ಸಿಗೆ ಅದರಿಂದ ಏನೂ ಆಗದೆ, ಪೆಟ್ಟು ಬೀಳುವುದು ಈ ಒಕ್ಕಲಿಗೆ ಎಂಬುದು ನೆನಪಿನಲ್ಲಿರಬೇಕು. ಮನೆಯ ಮಕ್ಕಳಿಗೆ ಪಾಠ ಹೇಳುವವರು 'ಸೂಕ್ಷ್ಮಜೀವಿ' ಎಂಬ ಮಾತನ್ನು ಮೊದಲು ಕಲಿಸಿ, 'ರೋಗಾಣು' ಎಂಬುದನ್ನು ಆಮೇಲೆ ಕಲಿಸಿದರೆ, ಎಶೆರಿಕ್ ನಡೆದ ಕ್ರಮದಲ್ಲಿಯೇ ಕಲಿಸಿದಂತಾಗುತ್ತದೆ.