ಹಳೇ ವಿಸಿಆರ್‌ನಲ್ಲಿ ಈಗಿನ ಡಿಜಿಟಲ್ ಟಿವಿ ರೆಕಾರ್ಡ್ ಆಗುತ್ತಾ? ಗುಜರಿಗೆ ಹಾಕುವ ಮುಂಚೆ ಇದನ್ನು ಓದಿ

ಯಲಹಂಕ: ಅಟ್ಟದ ಮೇಲೆ ಧೂಳು ಹಿಡಿದು ಕೂತ ವಿಸಿಆರ್ ಕೆಳಗಿಳಿಸಿ, ಕೇಬಲ್ ವೈರು ಚುಚ್ಚಿ ಚಾನೆಲ್ ಹುಡುಕಿದರೆ ಈಗ ಬರುವುದು ಬರೀ ಚುಕ್ಕಿ, ಇಲ್ಲವೇ ನೀಲಿ ಪರದೆ. ‘ಡೆಕ್ಕು ಹೋಯ್ತು’ ಅಂತ ಗುಜರಿಗೆ ಹಾಕುವವರೇ ಜಾಸ್ತಿ. ಆದರೆ ಎಷ್ಟೋ ಸಲ ಡೆಕ್ಕು ಸರಿಯಾಗೇ ಇರುತ್ತದೆ. ಬದಲಾಗಿರುವುದು ಮನೆಗೆ ಬರುವ ಸಿಗ್ನಲ್.

ಸೆಟ್ ಟಾಪ್ ಬಾಕ್ಸ್‌ನ ಹಿಂದೆ ಹಳದಿ, ಬಿಳಿ, ಕೆಂಪು ಪಿನ್ನು ಹಾಕುವ ಜಾಗ ಇರುವವರೆಗೂ ಹಳೇ ವಿಸಿಆರ್‌ನಲ್ಲಿ ಇವತ್ತಿನ ಕಾರ್ಯಕ್ರಮ ರೆಕಾರ್ಡ್ ಮಾಡಬಹುದು. ಕೆಲವು ಹೊಸ ಬಾಕ್ಸ್‌ಗಳಲ್ಲಿ ಆ ಜಾಗವೇ ಇಲ್ಲ. ಇನ್ನೊಂದು ಮಾತು: ಮನೆಯಲ್ಲಿರುವ ಹಳೇ ಮದುವೆ ಕ್ಯಾಸೆಟ್, ಹಳೇ ಟಿವಿ ರೆಕಾರ್ಡಿಂಗ್ ಹೊರತೆಗೆಯಲು ಬೇಕಾಗಿರುವುದೂ ಇದೇ ಡೆಕ್ಕು. ಹಾಗಾಗಿ ಬಾಕ್ಸ್ ಬದಲಿಸುವ ಮುಂಚೆ, ಡೆಕ್ಕು ತೂಕಕ್ಕೆ ಹಾಕುವ ಮುಂಚೆ ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ನೇರವಾಗಿ ಯಾಕೆ ಹಿಡಿಯಲ್ಲ?

ವಿಸಿಆರ್ ಒಳಗೆ ಅದರದೇ ಒಂದು ಟ್ಯೂನರ್ ಇರುತ್ತದೆ. ಅದು ಹಿಡಿಯುವುದು ಅನಲಾಗ್ ಸಿಗ್ನಲ್ ಮಾತ್ರ. ಮನೆ ಮೇಲೆ ಆಂಟೆನಾ ಇದ್ದ ಕಾಲದಲ್ಲಿ ದೂರದರ್ಶನ ಹಾಗೇ ಬರುತ್ತಿತ್ತು. ಆಮೇಲೆ ಬಂದ ಕೇಬಲ್ ಕೂಡ ಮೊದಲು ಅನಲಾಗೇ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ನಿಧನರಾದಾಗ, ಯಶವಂತಪುರದ ಆಚೆ ಕಂಠೀರವ ಸ್ಟುಡಿಯೋದಲ್ಲಿ ನಡೆದ ಅಂತ್ಯಕ್ರಿಯೆಯನ್ನು ಮನೆಯಲ್ಲಿ ರೆಕಾರ್ಡ್ ಮಾಡಲು ಗೋಡೆಯಿಂದ ಬರುವ ಕೇಬಲ್ ವೈರನ್ನೇ ವಿಸಿಆರ್‌ಗೆ ಚುಚ್ಚಿದರೆ ಸಾಕಿತ್ತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅದೇ ವೈರಿನಿಂದ ವಿಸಿಆರ್‌ಗೆ ಏನೂ ಸಿಗುತ್ತಿರಲಿಲ್ಲ.

ಮಧ್ಯೆ ಆಗಿದ್ದಿಷ್ಟು. ಕೇಂದ್ರ ಸರ್ಕಾರ ಕೇಬಲ್ ಟಿವಿಯನ್ನು ಹಂತ ಹಂತವಾಗಿ ಡಿಜಿಟಲ್ ಮಾಡಿತು. ಎರಡನೇ ಹಂತದ 38 ನಗರಗಳಲ್ಲಿ ಬೆಂಗಳೂರು, ಮೈಸೂರು ಎರಡೂ ಇದ್ದವು. ಅವಕ್ಕೆ ಕೊಟ್ಟ ಗಡುವು 2013ರ ಮಾರ್ಚ್ 31. ಆ ಬದಲಾವಣೆ ಆದ ಮೇಲೆ ಕೇಬಲ್ ಚಾನೆಲ್‌ಗಳು ಡಿಜಿಟಲ್ ರೂಪದಲ್ಲಿ, ಬೀಗ ಹಾಕಿಕೊಂಡು ಬರುತ್ತವೆ. ಬೀಗ ತೆಗೆಯುವ ಕೆಲಸ ಸೆಟ್ ಟಾಪ್ ಬಾಕ್ಸ್‌ನದು. ಡಿಶ್ ಹಾಕಿಸಿಕೊಂಡವರದೂ ಇದೇ ಕಥೆ.

ಆಂಟೆನಾ ದಾರಿಯೂ ಬದಲಾಯಿತು. 2016ರ ಫೆಬ್ರವರಿಯಲ್ಲಿ ದೂರದರ್ಶನ ಬೆಂಗಳೂರೂ ಸೇರಿ 16 ನಗರಗಳಲ್ಲಿ ಆಂಟೆನಾ ಮೂಲಕವೇ ಡಿಜಿಟಲ್ ಪ್ರಸಾರ ಶುರು ಮಾಡಿತು. ಅದರ ತಂತ್ರಜ್ಞಾನದ ಹೆಸರು ಡಿವಿಬಿ-ಟಿ2. ನಂತರದ ವರ್ಷಗಳಲ್ಲಿ ಹಳೇ ಅನಲಾಗ್ ಟ್ರಾನ್ಸ್‌ಮಿಟರ್‌ಗಳು ಒಂದೊಂದಾಗಿ ನಿಂತವು. ಆರ್.ಟಿ. ನಗರಕ್ಕೆ ಹತ್ತಿರದ ಜೆ.ಸಿ. ನಗರದಲ್ಲೇ ದೂರದರ್ಶನ ಕೇಂದ್ರ ಇದೆ. ಆದರೂ ಆಂಟೆನಾ ನೇರ ವಿಸಿಆರ್‌ಗೆ ಕೊಟ್ಟು ಚಂದನ ಹಿಡಿಯುವ ಕಾಲ ಮುಗಿದಿದೆ.

ಮೊದಲು ನೋಡಿ: ವಿಸಿಆರೋ, ವಿಸಿಪಿಯೋ?

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದ್ದದ್ದು ವಿಸಿಪಿ. ಅದರಲ್ಲಿ ಕ್ಯಾಸೆಟ್ ನೋಡಬಹುದು, ರೆಕಾರ್ಡ್ ಆಗಲ್ಲ. ಮುಂದೆ ಕೆಂಪು ಚುಕ್ಕಿಯ ‘ರೆಕ್’ ಬಟನ್, ಹಿಂದೆ ‘ಎವಿ ಇನ್’ ಅಥವಾ ‘ಲೈನ್ ಇನ್’ ಅಂತ ಬರೆದ ತೂತುಗಳಿದ್ದರೆ ಅದು ರೆಕಾರ್ಡ್ ಮಾಡುವ ಡೆಕ್ಕು. ಕೆಲವು ಮಾಡೆಲ್‌ಗಳಲ್ಲಿ ಈ ತೂತುಗಳು ಮುಂಭಾಗದ ಮುಚ್ಚಳದ ಒಳಗಿರುತ್ತವೆ.

ವಿದೇಶದಿಂದ ತಂದ ಡೆಕ್ಕಾದರೆ ಇನ್ನೊಂದು ಪರೀಕ್ಷೆ ಬೇಕು. ಭಾರತದ್ದು ಪಾಲ್ ಪದ್ಧತಿ, ಅಮೆರಿಕ ಮತ್ತು ಜಪಾನಿನದ್ದು ಎನ್‌ಟಿಎಸ್‌ಸಿ. ಬರೀ ಎನ್‌ಟಿಎಸ್‌ಸಿ ಡೆಕ್ಕಿನಲ್ಲಿ ಇಲ್ಲಿನ ಬಾಕ್ಸ್‌ನ ಚಿತ್ರ ಸರಿಯಾಗಿ ಕೂರಲ್ಲ. ಅಲ್ಲಿನ ಕೆಲವು ಡೆಕ್ಕುಗಳು 110 ವೋಲ್ಟ್‌ನವು. ಹಿಂದಿನ ಚೀಟಿ ನೋಡದೆ ನಮ್ಮ 230 ವೋಲ್ಟ್ ಪ್ಲಗ್ಗಿಗೆ ಹಾಕಿದರೆ ಸುಟ್ಟೇ ಹೋಗುತ್ತದೆ.

ಜೋಡಿಸುವ ಕ್ರಮ

1. ಕೇಬಲ್ ಅಥವಾ ಡಿಶ್ ವೈರು ಸೆಟ್ ಟಾಪ್ ಬಾಕ್ಸ್‌ಗೆ ಹೋಗಲಿ, ಈಗಿರುವ ಹಾಗೇ.

2. ಬಾಕ್ಸ್‌ನ ‘ಎವಿ ಔಟ್’ನಿಂದ ವಿಸಿಆರ್‌ನ ‘ಎವಿ ಇನ್’ಗೆ ಮೂರು ಬಣ್ಣದ ವೈರು ಹಾಕಿ. ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಶಬ್ದಕ್ಕೆ. ಡೆಕ್ಕಿನಲ್ಲಿ ಶಬ್ದಕ್ಕೆ ಒಂದೇ ತೂತಿದ್ದರೆ ಬಿಳಿ ಮಾತ್ರ ಹಾಕಿ.

3. ವಿಸಿಆರ್‌ನ ‘ಎವಿ ಔಟ್’ನಿಂದ ಟಿವಿಗೆ ಇನ್ನೊಂದು ವೈರು.

4. ವಿಸಿಆರ್‌ನಲ್ಲಿ ಚಾನೆಲ್ ನಂಬರ್ ಬದಲು ‘ಎವಿ’, ‘ಎಲ್1’ ಅಥವಾ ‘ಲೈನ್’ ಆರಿಸಿ. ಮುಕ್ಕಾಲು ಪಾಲು ಜನ ಎಡವುವುದು ಇಲ್ಲೇ. ಡೆಕ್ಕು 3 ಅಥವಾ 4ನೇ ಚಾನೆಲ್‌ನಲ್ಲೇ ಉಳಿದರೆ ರೆಕಾರ್ಡ್ ಆಗುವುದು ಬರೀ ಚುಕ್ಕಿ.

5. ಐದು ನಿಮಿಷ ರೆಕಾರ್ಡ್ ಮಾಡಿ, ರಿವೈಂಡ್ ಮಾಡಿ ನೋಡಿ. ಆಮೇಲೆ ಪೂರ್ತಿ ಕಾರ್ಯಕ್ರಮಕ್ಕೆ ಕೈ ಹಾಕಿ.

ಕೆಲವು ಚಿಕ್ಕ ಬಾಕ್ಸ್‌ಗಳಲ್ಲಿ ಮೂರು ತೂತಿನ ಬದಲು ಇಯರ್‌ಫೋನ್ ತರದ ಒಂದೇ 3.5 ಮಿ.ಮೀ. ತೂತು ಇರುತ್ತದೆ. ಅದರ ವೈರು ಬೇರೆ. ಒಂದು ಕಂಪನಿಯ ವೈರು ಇನ್ನೊಂದಕ್ಕೆ ಹಾಕಿದರೆ ಚಿತ್ರದ ಜಾಗದಲ್ಲಿ ಶಬ್ದ, ಶಬ್ದದ ಜಾಗದಲ್ಲಿ ಗುಂಯ್ ಅನ್ನುವ ಸದ್ದು ಬರಬಹುದು. ಬಾಕ್ಸನ್ನೇ ಅಂಗಡಿಗೆ ಒಯ್ದು ವೈರು ಕೊಳ್ಳುವುದು ಸುಲಭ.

ಬಾಕ್ಸ್‌ನಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಕಷ್ಟ. ಆ ಸಿಗ್ನಲ್‌ಗೆ ಎಚ್‌ಡಿಸಿಪಿ ಅನ್ನುವ ಕಾಪಿ ತಡೆಯುವ ಬೀಗ ಇರುತ್ತದೆ. ಎಚ್‌ಡಿಎಂಐನಿಂದ ಎವಿಗೆ ಬದಲಿಸುವ ಪುಟ್ಟ ಡಬ್ಬಿ ಮಾರುಕಟ್ಟೆಯಲ್ಲಿ ಸಿಗುತ್ತದೆ, ಆದರೆ ಎಲ್ಲ ಬಾಕ್ಸ್‌ಗೂ ಅದು ಕೆಲಸ ಮಾಡುತ್ತದೆ ಅನ್ನೋ ಖಾತ್ರಿ ಇಲ್ಲ. ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಡಬ್ಬಿ ನೋಡಲು ಥೇಟ್ ಹಾಗೇ ಇದ್ದರೂ ಕೆಲಸ ತದ್ವಿರುದ್ಧ. ಕೊಳ್ಳುವಾಗ ಮೇಲಿನ ಬರಹ ಓದಿ.

ಚಿತ್ರ ಎಷ್ಟು ಚೆನ್ನಾಗಿ ಬರುತ್ತೆ?

ಎಚ್‌ಡಿ ಚಾನೆಲ್ ಹಾಕಿದರೂ ವಿಎಚ್‌ಎಸ್ ಕ್ಯಾಸೆಟ್‌ನಲ್ಲಿ ಉಳಿಯುವುದು ಸುಮಾರು 240 ಗೆರೆಯಷ್ಟು ಸ್ಪಷ್ಟತೆ ಮಾತ್ರ. ಟಿವಿ ಕೆಳಗೆ ಓಡುವ ಸಣ್ಣ ಅಕ್ಷರ ಮಸುಕಾಗುತ್ತದೆ. ಅಗಲ ಚಿತ್ರ ಉದ್ದಕ್ಕೆ ಎಳೆದಂತೆ ಕಂಡರೆ ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ 4:3 ಲೆಟರ್‌ಬಾಕ್ಸ್ ಆರಿಸಿ.

ಪರದೆ ಮೇಲೆ ಕಾಣುವುದೆಲ್ಲ ಕ್ಯಾಸೆಟ್‌ಗೂ ಹೋಗುತ್ತದೆ. ವಾಲ್ಯೂಮ್ ಪಟ್ಟಿ, ಚಾನೆಲ್ ಹೆಸರು, ಆಗಾಗ ಮೂಡುವ ಕಾರ್ಡ್ ನಂಬರ್, ಮಳೆ ಬಂದಾಗ ‘ಸಿಗ್ನಲ್ ಇಲ್ಲ’ ಅನ್ನುವ ಸಂದೇಶ ಎಲ್ಲವೂ. ಬಹಳಷ್ಟು ಬಾಕ್ಸ್‌ಗಳಲ್ಲಿ ವಾಲ್ಯೂಮ್ ಕಡಿಮೆ ಮಾಡಿದರೆ ರೆಕಾರ್ಡಿಂಗ್‌ನ ಶಬ್ದವೂ ಇಳಿಯುತ್ತದೆ. ಬಾಕ್ಸ್ ವಾಲ್ಯೂಮ್ ಜಾಸ್ತಿ ಇಟ್ಟು ಟಿವಿ ರಿಮೋಟ್‌ನಿಂದ ಕಮ್ಮಿ ಮಾಡಿಕೊಳ್ಳಿ.

ಇ-180 ಅಂತ ಬರೆದ ಕ್ಯಾಸೆಟ್‌ನಲ್ಲಿ ಎಸ್‌ಪಿ ವೇಗದಲ್ಲಿ 3 ಗಂಟೆ ಹಿಡಿಯುತ್ತದೆ, ಇ-240ರಲ್ಲಿ 4 ಗಂಟೆ. ಎಲ್‌ಪಿ ಇಟ್ಟರೆ ಸಮಯ ಎರಡರಷ್ಟು, ಆದರೆ ಗುಣಮಟ್ಟ ಇಳಿಯುತ್ತದೆ.

ಟೈಮರ್ ಇಟ್ಟು ಹೊರಗೆ ಹೋಗಬಹುದಾ?

ಹೋಗಬಹುದು, ಆದರೆ ಎರಡು ಯಂತ್ರಕ್ಕೂ ಹೇಳಿ ಹೋಗಬೇಕು. ವಿಸಿಆರ್ ಟೈಮರ್‌ನಲ್ಲಿ ಚಾನೆಲ್ ಅಂತ ಕೇಳಿದ ಕಡೆ ‘ಎವಿ’ ಕೊಡಿ. ಬಾಕ್ಸ್ ಆನ್ ಇರಬೇಕು, ಬೇಕಾದ ಚಾನೆಲ್‌ನಲ್ಲೇ ಇರಬೇಕು. ತಾನಾಗಿ ಸ್ಟ್ಯಾಂಡ್‌ಬೈಗೆ ಹೋಗುವ ಸೆಟ್ಟಿಂಗ್ ಇದ್ದರೆ ತೆಗೆಯಿರಿ. ಹಿಂದೆ ವಿಸಿಆರ್ ಒಂದು ಚಾನೆಲ್ ರೆಕಾರ್ಡ್ ಮಾಡುವಾಗ ಟಿವಿಯಲ್ಲಿ ಇನ್ನೊಂದು ನೋಡಬಹುದಿತ್ತು. ಈಗ ಒಂದು ಬಾಕ್ಸ್‌ಗೆ ಒಂದೇ ಚಾನೆಲ್. ಅಮ್ಮನ ಧಾರಾವಾಹಿ ರೆಕಾರ್ಡ್ ಆಗುತ್ತಿರುವಾಗ ಮಗ ಕ್ರಿಕೆಟ್‌ಗೆ ತಿರುಗಿಸಿದರೆ ಕ್ಯಾಸೆಟ್‌ನಲ್ಲೂ ಕ್ರಿಕೆಟ್ಟೇ.

ಕರೆಂಟು ಹೋಗಿ ಬಂದರೆ ಇನ್ನೊಂದು ತಲೆನೋವು. ಎಷ್ಟೋ ವಿಸಿಆರ್‌ಗಳ ಗಡಿಯಾರ ಸೊನ್ನೆಗೆ ಬಂದು ಟೈಮರ್ ಅಳಿಸಿಹೋಗುತ್ತದೆ. ಬಾಕ್ಸ್ ಮತ್ತೆ ಆನ್ ಆದಾಗ ಕೇಬಲ್‌ನವರು ಇಟ್ಟ ಮೊದಲ ಚಾನೆಲ್‌ಗೇ ಹೋಗಿ ನಿಲ್ಲಬಹುದು. ಮುಖ್ಯವಾದ ಕಾರ್ಯಕ್ರಮವಾದರೆ ಬಾಕ್ಸ್, ಡೆಕ್ಕು ಎರಡನ್ನೂ ಯುಪಿಎಸ್ ಲೈನಿಗೆ ಹಾಕಿ.

ಡಿವಿಡಿ ರೆಕಾರ್ಡರ್ ಇದ್ದವರಿಗೆ

ಜೋಡಣೆ ಇದೇ ರೀತಿ. 4.7 ಜಿಬಿ ಡಿಸ್ಕ್‌ನಲ್ಲಿ ಎಸ್‌ಪಿ ಗುಣಮಟ್ಟದಲ್ಲಿ ಸುಮಾರು 2 ಗಂಟೆ ಹಿಡಿಯುತ್ತದೆ. ಒಮ್ಮೆ ಬರೆಯುವ ಡಿಸ್ಕ್ ಆದರೆ ಕೊನೆಗೆ ‘ಫೈನಲೈಜ್’ ಮಾಡಲೇಬೇಕು. ಮರೆತರೆ ಬೇರೆ ಪ್ಲೇಯರ್‌ನಲ್ಲಿ ಓಡದೇ ಹೋಗಬಹುದು. ಚಾನೆಲ್ ಕಾಪಿ ತಡೆಯುವ ಸಂಕೇತ ಕಳಿಸುತ್ತಿದ್ದರೆ ಡಿವಿಡಿ ರೆಕಾರ್ಡರ್ ಅದನ್ನು ಗುರುತಿಸಿ ನಿಂತುಬಿಡುತ್ತದೆ. ಅಂಥ ಕಡೆ ವಿಸಿಆರ್‌ನಲ್ಲೂ ಚಿತ್ರ ಒಮ್ಮೆ ಬೆಳಕು ಒಮ್ಮೆ ಕತ್ತಲಾಗಬಹುದು. ಅದು ಯಂತ್ರದ ದೋಷವಲ್ಲ, ರಿಪೇರಿಗೆ ದುಡ್ಡು ಹಾಕಬೇಡಿ.

ಪೆನ್‌ಡ್ರೈವ್ ಸುಲಭ ಅಲ್ವಾ?

ಬಾಕ್ಸ್‌ನಲ್ಲಿ ಯುಎಸ್‌ಬಿ ರೆಕಾರ್ಡಿಂಗ್ ಇದ್ದರೆ ಖಂಡಿತ ಅದೇ ಸುಲಭ, ಚಿತ್ರವೂ ಚೆನ್ನ. ತಿಂಗಳ ಬಾಡಿಗೆ ಇಲ್ಲದ ಡಿಡಿ ಫ್ರೀ ಡಿಶ್‌ಗೆ ಸಿಗುವ ಕೆಲವು ಬಾಕ್ಸ್‌ಗಳಲ್ಲಿ ಈ ಸೌಲಭ್ಯ ಇದೆ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯದಾದರೆ ಒಂದು ಫೈಲ್ 4 ಜಿಬಿ ದಾಟಲ್ಲ. ದುಡ್ಡು ಕಟ್ಟುವ ಕೇಬಲ್, ಡಿಶ್ ಬಾಕ್ಸ್‌ಗಳಲ್ಲಿ ಮಾಡಿದ ರೆಕಾರ್ಡಿಂಗ್ ಸಾಮಾನ್ಯವಾಗಿ ಅದೇ ಬಾಕ್ಸ್‌ನಲ್ಲಿ ಮಾತ್ರ ಓಡುತ್ತದೆ. ಬಾಕ್ಸ್ ಕೆಟ್ಟು ಬದಲಿಸಿದರೆ ರೆಕಾರ್ಡಿಂಗ್ ಕೂಡ ಹೋದಂತೆ. ಎವಿ ವೈರಿನ ಹಳೇ ದಾರಿಗೆ ಈ ಒಂದು ವಿಷಯದಲ್ಲಿ ಇನ್ನೂ ಬೆಲೆ ಇದೆ.

ಕಾನೂನು ಏನು ಹೇಳುತ್ತೆ? ಅಂಗಡಿಯವರು ಗಮನಿಸಿ

1957ರ ಕೃತಿಸ್ವಾಮ್ಯ ಕಾಯ್ದೆಯ 39ನೇ ಕಲಂ ಪ್ರಕಾರ, ಟಿವಿ ಪ್ರಸಾರವನ್ನು ಸ್ವಂತ ಖಾಸಗಿ ಬಳಕೆಗೆ, ಅಥವಾ ಪ್ರಾಮಾಣಿಕವಾಗಿ ಪಾಠ, ಸಂಶೋಧನೆಗೆ ಮಾತ್ರ ರೆಕಾರ್ಡ್ ಮಾಡಿಕೊಂಡರೆ ಪ್ರಸಾರ ಸಂಸ್ಥೆಯ ಹಕ್ಕಿನ ಉಲ್ಲಂಘನೆ ಆಗುವುದಿಲ್ಲ. ಮನೆಯಲ್ಲಿ ಮ್ಯಾಚ್ ರೆಕಾರ್ಡ್ ಮಾಡಿ ಸಂಜೆ ನೋಡಿದರೆ ತೊಂದರೆ ಇಲ್ಲ.

ಅದನ್ನೇ ಕಾಪಿ ಮಾಡಿ ಮಾರಿದರೆ, ಬಾಡಿಗೆಗೆ ಕೊಟ್ಟರೆ, ದುಡ್ಡು ತಗೊಂಡು ಜನರಿಗೆ ತೋರಿಸಿದರೆ 37ನೇ ಕಲಂ ಅಡ್ಡ ಬರುತ್ತದೆ. ಪ್ರಸಾರದ ಈ ಹಕ್ಕು 25 ವರ್ಷ ಇರುತ್ತದೆ. ಪ್ರಸಾರವಾದ ಸಿನಿಮಾಕ್ಕೆ ಅದರದೇ ಬೇರೆ ಹಕ್ಕು ಇದೆ. ಕ್ಯಾಸೆಟ್ ಡಿಜಿಟಲ್ ಮಾಡಿಕೊಡುವ ಸ್ಟುಡಿಯೋದವರು ಗಿರಾಕಿಯ ಮದುವೆ, ನಾಮಕರಣದ ಕ್ಯಾಸೆಟ್ ತಗೊಳ್ಳಲು ಅಡ್ಡಿಯಿಲ್ಲ. ಟಿವಿಯಿಂದ ಹಿಡಿದ ಸಿನಿಮಾದ ಕಾಪಿ ಅಂಗಡಿಯಲ್ಲಿಟ್ಟು ಮಾರುವುದು ಬೇಡ.

ಹಳೇ ಕ್ಯಾಸೆಟ್: ಇದಕ್ಕೆ ಮೊದಲ ಸ್ಥಾನ ಕೊಡಿ

ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಆಗ ಅದೇ ವಿಸಿಆರ್ ಮಾಡುತ್ತಿದ್ದ ಕೊನೆಯ ಕಂಪನಿ ಎನಿಸಿಕೊಂಡಿತ್ತು. ಈಗ ಸಿಗುವುದೆಲ್ಲ ಹಳೇ ಮಾಲು. ಓಡುವ ಡೆಕ್ಕು ಮನೆಯಲ್ಲಿದ್ದರೆ ಹೊಸ ರೆಕಾರ್ಡಿಂಗ್‌ಗಿಂತ ಹಳೇ ಕ್ಯಾಸೆಟ್ ಉಳಿಸಲು ಅದನ್ನು ಮೊದಲು ಬಳಸಿ.

ಕ್ಯಾಸೆಟ್‌ನ ಕಿಟಕಿಯಲ್ಲಿ ಟೇಪಿನ ಸುರುಳಿ ನೋಡಿ. ಬಿಳಿ ಪುಡಿ, ಜೇಡರ ಬಲೆಯಂಥದ್ದು ಕಂಡರೆ ಅದು ಬೂಷ್ಟು. ಅದನ್ನು ಡೆಕ್ಕಿಗೆ ಹಾಕಿದರೆ ಹೆಡ್ ಹಾಳು, ಮುಂದೆ ಹಾಕುವ ಕ್ಯಾಸೆಟ್‌ಗೂ ಅಂಟುತ್ತದೆ. ಮೊದಲು ತಿಳಿದವರಿಂದ ಕ್ಲೀನ್ ಮಾಡಿಸಿ. ಚೆನ್ನಾಗಿರುವ ಕ್ಯಾಸೆಟ್ ಕೂಡ ವರ್ಷಗಟ್ಟಲೆ ಸುಮ್ಮನೆ ಇದ್ದರೆ ಒಮ್ಮೆ ಪೂರ್ತಿ ಮುಂದಕ್ಕೆ, ಹಿಂದಕ್ಕೆ ಓಡಿಸಿ ಆಮೇಲೆ ಪ್ಲೇ ಮಾಡಿ. ಬೆನ್ನಿನ ಪಕ್ಕದ ಚಿಕ್ಕ ಪ್ಲಾಸ್ಟಿಕ್ ಚೂರು ಮುರಿದುಹಾಕಿದರೆ ಅದರ ಮೇಲೆ ಯಾರೂ ತಪ್ಪಿ ರೆಕಾರ್ಡ್ ಮಾಡಲಾಗಲ್ಲ.

ಕಂಪ್ಯೂಟರ್‌ಗೆ ಇಳಿಸಲು ಯುಎಸ್‌ಬಿ ವಿಡಿಯೋ ಕ್ಯಾಪ್ಚರ್ ಅನ್ನುವ ಚಿಕ್ಕ ಸಾಧನ ಬೇಕು. ಇಲ್ಲಿ ವಿಸಿಆರ್‌ನ ‘ಎವಿ ಔಟ್’ನಿಂದ ಅದಕ್ಕೆ ವೈರು. ಒಂದು ಗಂಟೆಯ ಕ್ಯಾಸೆಟ್ ಇಳಿಸಲು ಒಂದು ಗಂಟೆಯೇ ಬೇಕು, ಓಡಿಸಿ ಬೇಗ ಮುಗಿಸಲಾಗಲ್ಲ. ಡಿವಿಡಿ ಗುಣಮಟ್ಟದಲ್ಲಿ ಗಂಟೆಗೆ ಸುಮಾರು 2 ಜಿಬಿಗಿಂತ ಸ್ವಲ್ಪ ಹೆಚ್ಚು ಜಾಗ ಹಿಡಿಯುತ್ತದೆ. ಎರಡು ಕಡೆ ಕಾಪಿ ಇಡಿ.

ಪೆಟ್ಟಿಗೆಯಲ್ಲಿ ನಲವತ್ತು ಕ್ಯಾಸೆಟ್ ಇದ್ದರೆ ಸಿನಿಮಾ ಕ್ಯಾಸೆಟ್‌ಗಳನ್ನು ಪಕ್ಕಕ್ಕಿಡಿ, ಅವು ಬೇರೆ ಕಡೆಯೂ ಸಿಗಬಹುದು. ತೀರಿಹೋದ ಅಜ್ಜಿ ಮಾತಾಡಿರುವ ಮದುವೆ ಕ್ಯಾಸೆಟ್, ಚಂದನದ ‘ಥಟ್ ಅಂತ ಹೇಳಿ’ಯಲ್ಲಿ ಮನೆಯವರೊಬ್ಬರು ಕೂತ ಕಂತು, ಊರ ಜಾತ್ರೆಯ ವಿಡಿಯೋ ಇಂಥವನ್ನು ಮೊದಲು ಇಳಿಸಿ. ಡೆಕ್ಕಿನ ಬೆಲ್ಟು ಎಷ್ಟು ದಿನ ತಡೆಯುತ್ತೋ ಹೇಳಲಾಗಲ್ಲ. ಎಲ್ಲ ಮುಗಿದ ಮೇಲೆ ಬೇಕಾದರೆ ಗುಜರಿಯವನನ್ನು ಕರೆಯಿರಿ.