ಹಿಡಿದದ್ದು ಬಿಡದ ಬ್ರೇಕು

ಆಗುಂಬೆ ಘಾಟಿ ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಅಮ್ಮ, "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲೋ" ಅಂದಳು. ಅವಳ ಕಣ್ಣಿನ ತಪಾಸಣೆಗೆಂದು ತೀರ್ಥಹಳ್ಳಿಯಿಂದ ಮಣಿಪಾಲಕ್ಕೆ ಹೊರಟಿದ್ದೆವು. ಕಾರು ಎಡಕ್ಕೆ ಎಳೆಯುತ್ತಿದ್ದುದು ನನಗೆ ನಾಲ್ಕನೆಯ ತಿರುವಿನಲ್ಲೇ ಗೊತ್ತಾಗಿತ್ತು. ರಸ್ತೆಯ ಓರೆ ಇರಬೇಕು ಎಂದು ಸುಮ್ಮನಿದ್ದೆ. ಇಳಿದು ನೋಡಿದರೆ ಮುಂದಿನ ಎಡಚಕ್ರದಿಂದ ತೆಳ್ಳಗೆ ಹೊಗೆ ಏಳುತ್ತಿತ್ತು.

ಅದು ಅಪ್ಪನ ಮಾರುತಿ 800, 1998ರದ್ದು. ಅದಕ್ಕೂ ಮೊದಲು ಅವರ ಹತ್ತಿರ ಒಂದು ಅಂಬಾಸಿಡರ್ ಇತ್ತು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಘಾಟಿಯ ತಲೆಯಲ್ಲಿ ನಿಲ್ಲಿಸಿ, ಸುತ್ತ ಒಂದು ಬಾರಿ ನೋಡಿ, ಹತ್ತುವ ಗೇರಿನಲ್ಲೇ ಇಳಿಯಬೇಕು ಎನ್ನುವುದು ಅವರ ಕಟ್ಟುನಿಟ್ಟು. ಸುಮ್ಮನೆ ಮಾಡಿದ ನಿಯಮವಲ್ಲ. ಡ್ರಮ್ಮಿನೊಳಗೆ ಬ್ರೇಕಿನ ಶೂಗಳು ಹೊರಕ್ಕೆ ಅಗಲಿ ಉಜ್ಜುತ್ತವೆ. ಬಿಸಿಯಾದಂತೆ ಡ್ರಮ್ಮೂ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಕೆಳಕ್ಕೆ ಹೋಗುತ್ತಾ ಹಿಡಿತ ಕಡಿಮೆಯಾಗುತ್ತದೆ. ಡಿಸ್ಕ್ ಬ್ರೇಕು ಬಂದದ್ದೇ ಈ ತೊಂದರೆಗೆ ಮದ್ದಾಗಿ. ತಟ್ಟೆ ಬಯಲಲ್ಲಿ ಗಾಳಿಗೆ ತಿರುಗುತ್ತದೆ, ಕ್ಯಾಲಿಪರ್ ಎಂಬ ಚಿಮಟ ಅದನ್ನು ಎರಡೂ ಕಡೆಯಿಂದ ಅಮುಕುತ್ತದೆ.

ಆದರೆ ಚಿಮಟ ಹಿಡಿದರಷ್ಟೇ ಸಾಲದು, ಬಿಡಲೂ ಬೇಕು.

ಹೆಬ್ರಿಯಿಂದ ಮೆಕ್ಯಾನಿಕ್ ಬೈಕಿನಲ್ಲಿ ಸಾಮಾನಿನ ಪೆಟ್ಟಿಗೆ ಕಟ್ಟಿಕೊಂಡು ಬಂದರು. ಅಮ್ಮ ಪಕ್ಕದ ಹೋಟೆಲಿನ ಬೆಂಚಿನಲ್ಲಿ ಕೂತಳು. ಜಾಕ್ ಕೊಟ್ಟು ಎತ್ತಿದರೆ ಚಕ್ರ ಕೈಯಲ್ಲಿ ತಿರುಗಲಿಲ್ಲ. ಕ್ಯಾಲಿಪರಿನ ನಿಪ್ಪಲ್ ಸಡಿಲಿಸಿದಾಗ ಕಷಾಯದ ಬಣ್ಣದ ಬ್ರೇಕ್ ಆಯಿಲ್ ಇಳಿಯಿತು. ಚಕ್ರ ಆಗಲೂ ಬಿಡಲಿಲ್ಲ. "ಆಯಿಲ್ ಬಿಟ್ಟ ಮೇಲೆ ಚಕ್ರ ತಿರುಗಿದ್ರೆ ಹೋಸ್ ಪೈಪ್ ಒಳಗೆ ಕಟ್ಟಿದೆ ಅಂತ ಲೆಕ್ಕ. ಇದು ಪಿಸ್ಟನ್ನೇ ಜಾಮ್ ಮಾರಾಯ್ರೆ. ಮಳೆಗಾಲ ಪೂರ್ತಿ ನಿಲ್ಲಿಸಿ ಇಟ್ಟಿದ್ರಾ?"

ಇಟ್ಟಿದ್ದೆ. ನಾಲ್ಕು ವರ್ಷದಿಂದ ಆಯಿಲ್ ಬದಲಿಸಿರಲಿಲ್ಲ ಎನ್ನುವುದನ್ನು ಹೇಳಲಿಲ್ಲ, ಅವರು ಬಣ್ಣ ನೋಡಿಯೇ ತಿಳಿದುಕೊಂಡಿದ್ದರು.

ಡಿಸ್ಕ್ ಬ್ರೇಕಿನ ಕಥೆಯನ್ನು ಸಾಮಾನ್ಯವಾಗಿ ಗೆದ್ದವರ ಕಡೆಯಿಂದ ಹೇಳುತ್ತಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಅದಕ್ಕೆ ಪೇಟೆಂಟ್ ಪಡೆದ. ಅವನ ಪ್ಯಾಡುಗಳು ತಾಮ್ರದವು. ದೂಳಿನ ರಸ್ತೆಯಲ್ಲಿ ಬೇಗ ಸವೆಯುತ್ತಿದ್ದವು, ಲೋಹಕ್ಕೆ ಲೋಹ ಉಜ್ಜಿ ಕಿವಿ ಹರಿಯುವ ಹಾಗೆ ಕಿರುಚುತ್ತಿದ್ದವು. ಕೆಲವು ವರ್ಷಗಳ ನಂತರ ಹರ್ಬರ್ಟ್ ಫ್ರೂಡ್ ಎಂಬಾತ ಕಲ್ನಾರಿನ ಪದರ ಹಾಕಿ ಆ ಕಿರುಚಾಟ ನಿಲ್ಲಿಸಿದ. 1953ರಲ್ಲಿ ಫ್ರಾನ್ಸಿನ ಲೆ ಮಾನ್‌ನ 24 ಗಂಟೆಗಳ ಓಟವನ್ನು ಡನ್‌ಲಪ್ ಡಿಸ್ಕ್ ಬ್ರೇಕುಗಳಿದ್ದ ಜಾಗ್ವಾರ್ ಗೆದ್ದಿತು, ಗಂಟೆಗೆ ಸರಾಸರಿ 170 ಕಿ.ಮೀ. ವೇಗದಲ್ಲಿ. 1955ರಲ್ಲಿ ಸಿಟ್ರೋಯೆನ್ ಡಿಎಸ್ ಕಾರಿನ ಜೊತೆ ಅದು ಮನೆಮಂದಿಯ ವಾಹನಕ್ಕೂ ಬಂತು.

ಈ ಕಥೆಯಲ್ಲಿ ಅಡಿಟಿಪ್ಪಣಿಯಾಗಿ ಬರುವ ಇನ್ನೊಂದು ಕಾರು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ. ರೇಡಿಯೊ, ರೆಫ್ರಿಜರೇಟರ್ ಮಾರಿ ದುಡ್ಡು ಮಾಡಿದ್ದ ಅಮೆರಿಕದ ಪವೆಲ್ ಕ್ರಾಸ್ಲಿ, 1949ರಲ್ಲಿ ಹಾಟ್‌ಶಾಟ್ ಎಂಬ ಪುಟ್ಟ ಅಗ್ಗದ ಕಾರಿಗೆ ಡಿಸ್ಕ್ ಬ್ರೇಕು ಹಾಕಿದ. ಮೂಲತಃ ವಿಮಾನದ ಚಕ್ರಕ್ಕೆಂದು ರೂಪಿಸಿದ ಬ್ರೇಕು ಅದು. ಜಾಗ್ವಾರ್ ಗೆಲ್ಲುವುದಕ್ಕೆ ನಾಲ್ಕು ವರ್ಷ ಮೊದಲು! ಚಳಿಗಾಲ ಬಂತು. ಹಿಮ ಕರಗಲೆಂದು ರಸ್ತೆಗೆ ಚೆಲ್ಲುವ ಉಪ್ಪು, ಕೆಸರು ಹೊಕ್ಕು ಬ್ರೇಕುಗಳು ತುಕ್ಕು ಹಿಡಿದು ಕಚ್ಚಿಕೊಂಡವು. ಸ್ವಲ್ಪ ಕಾಲದಲ್ಲೇ ಕಂಪನಿ ಡ್ರಮ್ಮಿಗೆ ಮರಳಿತು. ಕೊಂಡವರಲ್ಲೂ ಅನೇಕರು ಡಿಸ್ಕ್ ಕಿತ್ತು ಡ್ರಮ್ ಹಾಕಿಸಿಕೊಂಡರು. ವಿಮಾನಕ್ಕೆ ಹ್ಯಾಂಗರ್ ಉಂಟು, ಹಾಟ್‌ಶಾಟ್ ಕೊಂಡವನು ಅದನ್ನು ಬೀದಿಯಲ್ಲೇ ನಿಲ್ಲಿಸುತ್ತಿದ್ದ. ಲೆ ಮಾನ್ ಒಂದು ದಿನದ ಪರೀಕ್ಷೆ, ಕ್ರಾಸ್ಲಿಗೆ ಎದುರಾದದ್ದು ಇಡೀ ಚಳಿಗಾಲ. ಮಲೆನಾಡಿನ ಮಳೆಗಾಲ ಎರಡನೆಯ ಜಾತಿಯದು.

ಮೆಕ್ಯಾನಿಕ್ ಕ್ಯಾಲಿಪರ್ ಬಿಚ್ಚಿದರು. ಕಪ್ಪು ಪುಡಿ ಊದಲು ಬಗ್ಗಿದ ನನ್ನನ್ನು ತಡೆದು ಒದ್ದೆಬಟ್ಟೆ ಕೊಟ್ಟರು. "ಊದ್ಬೇಡಿ, ಹಳೇ ಪ್ಯಾಡು, ಒಳಗೆ ಎಂತ ಉಂಟೋ." ಫ್ರೂಡನ ಕಲ್ನಾರಿನ ಪುಡಿ ಶ್ವಾಸಕೋಶಕ್ಕೆ ಎಂಥದ್ದು ಎಂದು ಜಗತ್ತು ತಿಳಿದುಕೊಂಡದ್ದು ತಡವಾಗಿ. ಆಮೇಲೆ ಪಿಸ್ಟನ್ನಿನ ಎದುರಿಗೆ ಮರದ ತುಂಡು ಇಟ್ಟು, ನಿಪ್ಪಲ್ ಬಿಗಿದು, ನನ್ನಿಂದ ಪೆಡಲ್ ಮೆಲ್ಲಗೆ ಒತ್ತಿಸಿದರು. ಹೊಡೆಯದೆ, ಕೀಳದೆ, ಆಯಿಲಿನ ಒತ್ತಡಕ್ಕೇ ಅದು ಕಿರುಗುಟ್ಟುತ್ತಾ ಹೊರಬಂತು. ದೂಳು ತಡೆಯುವ ರಬ್ಬರಿನ ಬೂಟು ಹರಿದಿದ್ದ ಕಡೆಯೇ ತುಕ್ಕಿನ ಸಣ್ಣ ಸಣ್ಣ ಕುಳಿಗಳು.

ಪಿಸ್ಟನ್ನನ್ನು ಹಿಂದಕ್ಕೆ ಎಳೆಯಲು ಅಲ್ಲಿ ಸ್ಪ್ರಿಂಗ್ ಇಲ್ಲ. ಚೌಕ ಅಂಚಿನ ಒಂದು ರಬ್ಬರ್ ಉಂಗುರವೇ ಆ ಕೆಲಸ ಮಾಡುತ್ತದೆ. ಬ್ರೇಕ್ ಒತ್ತಿದಾಗ ಅದು ಪಿಸ್ಟನ್ನಿನ ಜೊತೆ ಚೂರು ಬಾಗುತ್ತದೆ, ಬಿಟ್ಟಾಗ ನೆಟ್ಟಗಾಗಿ ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಈ ಜಾಣತನ ಕಂಡು ನನಗೆ ನಿಜಕ್ಕೂ ಬೆರಗಾಯಿತು. ಅಷ್ಟು ಮೃದುವಾದ ಎಳೆತವನ್ನು ಸೋಲಿಸಲು ಒಂದಿಷ್ಟು ತುಕ್ಕು ಸಾಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ತುಕ್ಕು ಒಳಗಿನಿಂದಲೂ ಬರುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಡಾಟ್ 3 ಆಯಿಲ್ ಹೊಸದರಲ್ಲಿ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಆವಿ ಹುಟ್ಟಿ ಪೆಡಲ್ ನೆಲಕ್ಕೆ ಹೋಗುತ್ತದೆ. ಇನ್ನೂ ಐದಾರು ತಿರುವು ಇದ್ದಿದ್ದರೆ ಎಂದು ನಾನು ಹೋಟೆಲಿನ ಕಡೆ ನೋಡಿದೆ. ಅಮ್ಮ ಕಾಫಿ ಆರಿಸಿಕೊಳ್ಳುತ್ತಿದ್ದಳು.

ಪಿಸ್ಟನ್ನು, ಸೀಲು, ಪ್ಯಾಡುಗಳನ್ನು ಉಡುಪಿಯ ಅಂಗಡಿಯವರು ಬಸ್ಸಿನಲ್ಲಿ ಕಳಿಸಿದರು. ಕಂಡಕ್ಟರ್ ಪೊಟ್ಟಣ ಕೈಗೆ ಕೊಟ್ಟು ಸೀಟಿ ಊದಿದ. ಉಂಗುರಕ್ಕೆ ಹೊಸ ಬ್ರೇಕ್ ಆಯಿಲ್ ಸವರಿ ಕೂರಿಸಿದರು, ಮಾಮೂಲಿ ಗ್ರೀಸ್ ಹತ್ತಿರ ತರಲಿಲ್ಲ, ರಬ್ಬರ್ ಊದಿಕೊಳ್ಳುತ್ತದಂತೆ. ಬಲಗಡೆಯದ್ದನ್ನೂ ಬಿಚ್ಚಿ ನೋಡಿದರು. ಹಳೆಯ ಆಯಿಲ್ ಪೂರ್ತಿ ಇಳಿಸಿ, "ಒತ್ತಿ, ಹಿಡೀರಿ, ಬಿಡಿ" ಎಂದು ನಾಲ್ಕೂ ಚಕ್ರದ ಗಾಳಿ ತೆಗೆಯುವಾಗ ಮಧ್ಯಾಹ್ನ ಕಳೆದಿತ್ತು. ಡಾಕ್ಟರ ಸಮಯ ತಪ್ಪಿತು, ಮರುದಿನಕ್ಕೆ ಬರಲು ಹೇಳಿದರು.

"ನಿಮ್ಮಪ್ಪ ಆಗಿದ್ರೆ ಇಳಿಯೋಕೆ ಮುಂಚೆ ಮುಟ್ಟಿ ನೋಡ್ತಿದ್ರು" ಅಂದಳು ಅಮ್ಮ, ಕಾರು ಹತ್ತುತ್ತಾ. ನಾನು ಏನೂ ಹೇಳಲಿಲ್ಲ. ಹೆಬ್ರಿಯಲ್ಲಿ ನಿಲ್ಲಿಸು ಅಂದಳು, ತಾನೇ ಇಳಿದು ಎಡಚಕ್ರದ ಹತ್ತಿರ ಅಂಗೈ ಹಿಡಿದಳು. ಸುತ್ತು ಹಾಕಿ ಬಲಕ್ಕೂ ಹಿಡಿದಳು.

"ಎರಡೂ ಬೆಚ್ಚಗಿದೆ, ಅಷ್ಟೇ. ನಡಿ."